ಪವನಚಕ್ಕಿ ಇಲ್ಲಿ, ಪರದೆ ಅಲ್ಲಿ: ದೂರದಿಂದ ಕಂಪ್ಯೂಟರ್ ನಡೆಸುವ 'ರಿಸೀವರ್' ಹೊಂದಿಸುವುದು ಹೇಗೆ?

ಜತ್ತ ತಾಲ್ಲೂಕಿನ ಮಾಳದ ಮೇಲೆ ಪವನಚಕ್ಕಿಗಳು ತಿರುಗುವುದು ಈಗ ನಮಗೆ ಹೊಸದಲ್ಲ. ರಿನ್ಯೂ ಕಂಪನಿಯ ಜತ್ತ ಯೋಜನೆಯೊಂದೇ 84.65 ಮೆಗಾವಾಟ್ ಸಾಮರ್ಥ್ಯದ್ದು. ಮಳೆಯ ವಿಷಯದಲ್ಲಿ ಬಡವರಾದ ನಾವು ಗಾಳಿಯ ವಿಷಯದಲ್ಲಿ ಸಾಹುಕಾರರು! ಆದರೆ ಈ ಯಂತ್ರಗಳನ್ನು ನಡೆಸುವವರು ಎಲ್ಲಿ ಕೂತಿರುತ್ತಾರೆ ಎಂದು ಎಂದಾದರೂ ಯೋಚಿಸಿದ್ದೀರಾ? ಕಂಬದ ಬುಡದಲ್ಲಿ ನಮಗೆ ಕಾಣುವುದು ಒಬ್ಬ ಕಾವಲುಗಾರ, ಒಂದು ಬಾಗಿಲು, ಅಷ್ಟೆ.

ನಡೆಸುವ ಕೆಲಸ ತಂತಿಯ ಮೇಲೆ ನಡೆಯುತ್ತದೆ. ಪ್ರತಿ ಪವನಚಕ್ಕಿಯೊಳಗೆ ಒಂದು ನಿಯಂತ್ರಕ ಇರುತ್ತದೆ. ಅದರಿಂದ ಫೈಬರ್ ಕೇಬಲ್ ಸಬ್‌ಸ್ಟೇಷನ್ ಬಳಿಯ ಸೈಟ್ ಆಫೀಸಿಗೆ ಹೋಗುತ್ತದೆ. ಅಲ್ಲಿನ ಕಂಪ್ಯೂಟರ್‌ನಲ್ಲಿ ಗಾಳಿಯ ವೇಗ, ವಿದ್ಯುತ್ ಉತ್ಪಾದನೆ, ಬೇರಿಂಗಿನ ಬಿಸಿ ಎಲ್ಲವೂ ಕಾಣುತ್ತವೆ. ಅದೇ ಪರದೆಯನ್ನು ಬೇರೆ ಊರಿನ ಕಚೇರಿಯಲ್ಲಿ ಕೂತವರೂ ನೋಡಬಹುದು. ಮಹಾರಾಷ್ಟ್ರದಲ್ಲಿ ಗಾಳಿ ಮತ್ತು ಸೌರ ವಿದ್ಯುತ್ತಿನ ಮುನ್ಸೂಚನೆಗೆ 2018ರಲ್ಲಿ ವಿದ್ಯುತ್ ನಿಯಂತ್ರಣ ಆಯೋಗ ನಿಯಮ ಮಾಡಿತು. ದಿನವನ್ನು 15 ನಿಮಿಷದ 96 ತುಂಡುಗಳಾಗಿ ಮಾಡಿ, ಯಾವ ತುಂಡಿನಲ್ಲಿ ಎಷ್ಟು ವಿದ್ಯುತ್ ಕೊಡುತ್ತೀರಿ ಎಂದು ಮೊದಲೇ ಹೇಳಬೇಕು. ಲೆಕ್ಕ ಬಹಳ ತಪ್ಪಿದರೆ ದಂಡ. ಹೀಗಾಗಿ ಜತ್ತದ ಗಾಳಿಯ ಲೆಕ್ಕ ನವಿ ಮುಂಬೈನ ಐರೋಳಿಯಲ್ಲಿರುವ ರಾಜ್ಯ ಲೋಡ್ ಡಿಸ್ಪ್ಯಾಚ್ ಕೇಂದ್ರದವರೆಗೂ ಮುಟ್ಟಬೇಕಾಗುತ್ತದೆ.

ನಮ್ಮ ಕಡೆ ಐಟಿಐ, ಡಿಪ್ಲೊಮಾ ಮುಗಿಸಿದ ಹುಡುಗರಿಗೆ ಪವನಚಕ್ಕಿಯಲ್ಲಿ ಕೆಲಸ ಎಂದರೆ ಕಾವಲು ಇಲ್ಲವೇ ಕಂಬ ಹತ್ತುವುದು ಎಂಬ ಭಾವನೆ ಇದೆ. ಪರದೆಯ ಮುಂದಿನ ಕುರ್ಚಿಯೂ ನಮ್ಮದಾಗಬೇಕಾದರೆ ಅದರ ಹಿಂದಿನ ಪೆಟ್ಟಿಗೆಯ ಪರಿಚಯ ಇರಬೇಕು. ಆ ಪೆಟ್ಟಿಗೆಯ ಹೆಸರೇ ಕೆವಿಎಂ.

ಕೆವಿಎಂ ಅಂದರೆ ಏನು?

ಕೀಬೋರ್ಡ್, ವಿಡಿಯೊ, ಮೌಸ್ ಈ ಮೂರು ಮಾತುಗಳ ಮೊದಲಕ್ಷರ. ಕಂಪ್ಯೂಟರ್ ಒಂದು ಕಡೆ, ಅದರ ಕೀಬೋರ್ಡ್, ಪರದೆ, ಮೌಸ್ ಇನ್ನೊಂದು ಕಡೆ. ಕಂಪ್ಯೂಟರ್‌ಗೆ ತಂಪು ಬೇಕು, ಧೂಳು ಇರಬಾರದು, ಕಂಡವರು ಕೈ ಹಾಕಬಾರದು. ಹಾಗಾಗಿ ಅದನ್ನು ಬೀಗ ಹಾಕಿದ ಕೋಣೆಯಲ್ಲಿಟ್ಟು, ಮನುಷ್ಯನನ್ನು ಬೇರೆ ಕೋಣೆಯಲ್ಲಿ ಕೂರಿಸುತ್ತಾರೆ. ನಡುವೆ ಎರಡು ಚಿಕ್ಕ ಪೆಟ್ಟಿಗೆ. ಕಂಪ್ಯೂಟರ್ ಕಡೆಯದು ಟ್ರಾನ್ಸ್‌ಮಿಟರ್, ಮನುಷ್ಯನ ಕಡೆಯದು ರಿಸೀವರ್. ಇವೆರಡೂ ನೆಟ್‌ವರ್ಕ್ ಮೂಲಕ ಮಾತಾಡುತ್ತವೆ.

ಇದಕ್ಕೂ ರಿಮೋಟ್ ಡೆಸ್ಕ್‌ಟಾಪ್‌ಗೂ ಒಂದು ಮುಖ್ಯ ವ್ಯತ್ಯಾಸವಿದೆ. ರಿಮೋಟ್ ಡೆಸ್ಕ್‌ಟಾಪ್ ಕಂಪ್ಯೂಟರ್ ಒಳಗೇ ಓಡುವ ಪ್ರೋಗ್ರಾಂ. ವಿಂಡೋಸ್ ಏಳದಿದ್ದರೆ ಅದೂ ಏಳುವುದಿಲ್ಲ. ಕೆವಿಎಂ ಹಾಗಲ್ಲ. ಕಂಪ್ಯೂಟರ್‌ನ ದೃಷ್ಟಿಯಲ್ಲಿ ಟ್ರಾನ್ಸ್‌ಮಿಟರ್ ಒಂದು ಸಾದಾ ಮಾನಿಟರ್ ಮತ್ತು ಒಂದು ಸಾದಾ ಕೀಬೋರ್ಡ್, ಅಷ್ಟೆ. ಆದ್ದರಿಂದ ಮಷಿನ್ ಚಾಲೂ ಆಗುವಾಗಿನ ಕಪ್ಪು ಪರದೆಯೂ ಕಾಣುತ್ತದೆ, ಕೆಟ್ಟು ನಿಂತಾಗ ದೂರದಿಂದಲೇ ರಿಪೇರಿಗೆ ಕೈ ಹಾಕಬಹುದು.

ರಿಸೀವರ್ ಹೊಂದಿಸೋಣ

ಒಂದೊಂದು ಕಂಪನಿಯ ಪೆಟ್ಟಿಗೆಯಲ್ಲಿ ಮೆನು ಬೇರೆ ಇರುತ್ತದೆ, ತತ್ವ ಒಂದೇ. ಮೊದಲ ಕೆಲಸ ವಿಳಾಸ. ಊರಲ್ಲಿ ಮನೆ ನಂಬರ್ ಇದ್ದಂತೆ ನೆಟ್‌ವರ್ಕ್‌ನಲ್ಲಿ ಪ್ರತಿ ಪೆಟ್ಟಿಗೆಗೂ ಐಪಿ ವಿಳಾಸ ಬೇಕು. ಟ್ರಾನ್ಸ್‌ಮಿಟರ್‌ಗೆ 192.168.10.11, ರಿಸೀವರ್‌ಗೆ 192.168.10.21 ಎಂದು ಕೊಟ್ಟಿರಿ ಎನ್ನೋಣ. ಸಬ್‌ನೆಟ್ ಮಾಸ್ಕ್ ಎರಡಕ್ಕೂ 255.255.255.0. ಮೊದಲ ಮೂರು ಅಂಕಿ ಎರಡರಲ್ಲೂ ಒಂದೇ ಇರುವುದರಿಂದ ಅವು ಒಂದೇ ಓಣಿಯ ಮನೆಗಳಿದ್ದಂತೆ, ನೇರ ಮಾತಾಡುತ್ತವೆ. ಬೇರೆ ಓಣಿಗೆ ಹೋಗುವುದಿದ್ದರೆ ಮಾತ್ರ ಗೇಟ್‌ವೇ ವಿಳಾಸ ಬೇಕು. ಕೊನೆಯ ಅಂಕಿ ಎರಡು ಪೆಟ್ಟಿಗೆಗೆ ಒಂದೇ ಆದರೆ ಜಗಳ ಶುರು: ಪರದೆ ಒಮ್ಮೆ ಬರುತ್ತದೆ, ಒಮ್ಮೆ ಹೋಗುತ್ತದೆ, ಕಾರಣ ಯಾರಿಗೂ ತಿಳಿಯುವುದಿಲ್ಲ.

ವಿಳಾಸವನ್ನು ರೂಟರ್‌ನಿಂದ ತಾನಾಗಿಯೇ ಪಡೆಯುವ ಡಿಎಚ್‌ಸಿಪಿ ಸೌಲಭ್ಯವೂ ಇದೆ. ಮನೆಗೆ ಅದು ಸರಿ, ಇಲ್ಲಿಗೆ ಬೇಡ. ನಮ್ಮಲ್ಲಿ ಲೈಟ್ ಹೋಗಿ ಬರುವುದು ಎಷ್ಟು ಸಲ ಎಂದು ಹೇಳಬೇಕಿಲ್ಲ. ಲೈಟ್ ಬಂದ ತಕ್ಷಣ ರಿಸೀವರ್ ಬೇಗ ಏಳುತ್ತದೆ, ರೂಟರ್ ತಡವಾಗಿ ಏಳುತ್ತದೆ. ಕೇಳಿದಾಗ ವಿಳಾಸ ಕೊಡುವವರೇ ಇಲ್ಲದಿದ್ದರೆ ಅನೇಕ ಪೆಟ್ಟಿಗೆಗಳು 169.254ರಿಂದ ಶುರುವಾಗುವ ಒಂದು ವಿಳಾಸವನ್ನು ತಾವೇ ಇಟ್ಟುಕೊಂಡು ಸುಮ್ಮನೆ ಕೂರುತ್ತವೆ. ಅಂಥ ವಿಳಾಸ ಕಂಡರೆ ಕೇಬಲ್ ಬದಲಿಸುತ್ತ ಕೂರಬೇಡಿ, ವಿಳಾಸವೇ ಸಿಕ್ಕಿಲ್ಲ ಎಂದು ತಿಳಿಯಿರಿ. ಸ್ಥಿರ ವಿಳಾಸ ಕೊಟ್ಟು, ಅದನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಅಂಟಿಸಿಬಿಡಿ. ಸ್ವಿಚ್ಚಿಗೂ ರಿಸೀವರ್‌ಗೂ ಒಂದೇ ಯುಪಿಎಸ್ ಇದ್ದರೆ ಇನ್ನೂ ಒಳ್ಳೆಯದು.

ಎರಡನೆಯದು ಜೋಡಿ ಮಾಡುವುದು. ರಿಸೀವರ್‌ನಲ್ಲಿ ಟ್ರಾನ್ಸ್‌ಮಿಟರ್‌ನ ವಿಳಾಸ ಅಥವಾ ಚಾನೆಲ್ ನಂಬರ್ ಹಾಕಬೇಕು. ಒಂದು ಕಂಪ್ಯೂಟರ್ ಒಬ್ಬರಿಗೇ ಕಾಣಬೇಕಾದರೆ 'ಯೂನಿಕಾಸ್ಟ್'. ಒಂದೇ ಚಿತ್ರ ನಾಲ್ಕು ಪರದೆಯಲ್ಲಿ ಬೇಕಾದರೆ 'ಮಲ್ಟಿಕಾಸ್ಟ್'. ಮಲ್ಟಿಕಾಸ್ಟ್ ಹಾಕುವಾಗ ಸ್ವಿಚ್‌ನಲ್ಲಿ 'ಐಜಿಎಂಪಿ ಸ್ನೂಪಿಂಗ್' ಚಾಲೂ ಇರಲೇಬೇಕು. ಇಲ್ಲದಿದ್ದರೆ ಸ್ವಿಚ್ ಆ ಚಿತ್ರವನ್ನು ಬೇಕಾದವರಿಗೂ ಬೇಡಾದವರಿಗೂ ಡಂಗುರ ಹೊಡೆದಂತೆ ಕಳಿಸುತ್ತದೆ. ಆಗ ಪ್ರಿಂಟರ್ ನಿಲ್ಲುತ್ತದೆ, ಸಿಸಿಟಿವಿ ತಡವರಿಸುತ್ತದೆ, ಎಲ್ಲರೂ ಇಂಟರ್ನೆಟ್ ಕಂಪನಿಯನ್ನು ಬೈಯುತ್ತಾರೆ.

ಪರದೆ ಕಪ್ಪಾದರೆ?

ಅತಿ ಹೆಚ್ಚು ತಲೆನೋವು ಇಲ್ಲೇ. ಕೇಬಲ್ ಸರಿ, ವಿಳಾಸ ಸರಿ, ಹಸಿರು ದೀಪ ಉರಿಯುತ್ತಿದೆ, ಆದರೆ ಪರದೆ ಕಪ್ಪು. ಕಾರಣ ಸಾಮಾನ್ಯವಾಗಿ 'ಎಡಿಡ್' ಎಂಬ ಮಾಹಿತಿ. ಪ್ರತಿ ಮಾನಿಟರ್ ತನ್ನ ಪರಿಚಯ ಪತ್ರವೊಂದನ್ನು ಇಟ್ಟುಕೊಂಡಿರುತ್ತದೆ: ನಾನು ಇಂಥ ಕಂಪನಿಯವನು, ಇಷ್ಟು ಚುಕ್ಕಿ ತೋರಿಸಬಲ್ಲೆ, ಸೆಕೆಂಡಿಗೆ ಇಷ್ಟು ಸಲ ಚಿತ್ರ ಬದಲಿಸಬಲ್ಲೆ ಎಂದು. ಮೂಲ ಪತ್ರ ಕೇವಲ 128 ಬೈಟ್. ಕಂಪ್ಯೂಟರ್ ಅದನ್ನು ಓದಿ ಅಷ್ಟೇ ಅಳತೆಯ ಚಿತ್ರ ಕಳಿಸುತ್ತದೆ. ಕೆವಿಎಂನಲ್ಲಿ ನಿಜವಾದ ಮಾನಿಟರ್ ದೂರದಲ್ಲಿರುವುದರಿಂದ ಟ್ರಾನ್ಸ್‌ಮಿಟರ್ ತನ್ನಲ್ಲಿರುವ ಬೇರೊಂದು ಪತ್ರ ತೋರಿಸಬಹುದು. ಕಂಪ್ಯೂಟರ್ 1920×1080 ಕಳಿಸಿದರೆ, 1366×768ರ ಹಳೆಯ ಮಾನಿಟರ್ 'ಔಟ್ ಆಫ್ ರೇಂಜ್' ಎಂದು ಕೈ ಚೆಲ್ಲಬಹುದು.

ಪರಿಹಾರ ಎರಡು. ರಿಸೀವರ್ ಕಡೆಯ ಮಾನಿಟರ್‌ನ ಪತ್ರವನ್ನೇ ಟ್ರಾನ್ಸ್‌ಮಿಟರ್‌ಗೆ ನಕಲು ಮಾಡುವುದು, ಇಲ್ಲವೇ ಎಲ್ಲ ಕಡೆ ಒಂದೇ ಅಳತೆ ಗಟ್ಟಿ ಮಾಡುವುದು. ಪರದೆಗಳು ಬೇರೆ ಬೇರೆ ಇದ್ದರೆ ಎರಡನೆಯದೇ ವಾಸಿ. ಇಲ್ಲದಿದ್ದರೆ ಯಾರೋ ಒಂದು ಪರದೆ ಬಂದ್ ಮಾಡಿದಾಗಲೆಲ್ಲ ಉಳಿದವರ ಪರದೆಯ ಅಳತೆಯೂ ಕುಣಿಯುತ್ತದೆ.

ಈಗ ಒಂದು ಸಣ್ಣ ಲೆಕ್ಕ. 1920ನ್ನು 1080ರಿಂದ ಗುಣಿಸಿ, ಒಂದು ಚುಕ್ಕಿಗೆ 24 ಬಿಟ್, ಸೆಕೆಂಡಿಗೆ 60 ಚಿತ್ರ. ಒಟ್ಟು ಸುಮಾರು 300 ಕೋಟಿ ಬಿಟ್, ಅಂದರೆ 3 ಗಿಗಾಬಿಟ್. ನಮ್ಮ ಸಾಮಾನ್ಯ ಸ್ವಿಚ್ ಸೆಕೆಂಡಿಗೆ ಒಯ್ಯುವುದು 1 ಗಿಗಾಬಿಟ್. ಮೂರು ಚೀಲ ಜೋಳ ಒಂದು ಚೀಲದಲ್ಲಿ ಹಿಡಿಯದು! ಆದ್ದರಿಂದ ಚಿತ್ರವನ್ನು ಒತ್ತಿ ಚಿಕ್ಕದು ಮಾಡಿ ಕಳಿಸುತ್ತಾರೆ. ಎಷ್ಟು ಒತ್ತಬೇಕು ಎಂಬುದೇ ರಿಸೀವರ್‌ನ 'ಕ್ವಾಲಿಟಿ' ಮತ್ತು 'ಬ್ಯಾಂಡ್‌ವಿಡ್ತ್' ಆಯ್ಕೆ.

ಇಲ್ಲಿ ಬಹಳ ಜನ ಸಿನಿಮಾ ನೋಡುವವರಂತೆ ಯೋಚಿಸುತ್ತಾರೆ. ಕಂಟ್ರೋಲ್ ರೂಮಿನಲ್ಲಿ ಚಿತ್ರ ಸರಾಗವಾಗಿ ಓಡುವುದಕ್ಕಿಂತ ಅಂಕಿ ಸ್ಪಷ್ಟ ಕಾಣುವುದು ಮುಖ್ಯ. ಲಿಂಕ್ ಕಿರಿದಾಗಿದ್ದರೆ ಸೆಕೆಂಡಿಗೆ 60ರ ಬದಲು 15 ಚಿತ್ರ ಸಾಕು, ಆದರೆ ಬಣ್ಣ ಕಡಿಮೆ ಮಾಡುವ ಆಯ್ಕೆಯನ್ನು ತೆಗೆಯಿರಿ. ಬಣ್ಣ ಒತ್ತಿದಾಗ ಕಪ್ಪು ಹಿನ್ನೆಲೆಯ ಕೆಂಪು ಅಕ್ಷರ ಮಸುಕಾಗುತ್ತದೆ. ಅಪಾಯದ ಸೂಚನೆ ಬರುವುದೇ ಕೆಂಪಿನಲ್ಲಿ! 3 ಮತ್ತು 8ರ ಗುರುತು ಸಿಗದ ಪರದೆಯ ಮುಂದೆ ರಾತ್ರಿ ಪಾಳಿ ಮಾಡುವುದು ಕಷ್ಟ.

ಕೇಬಲ್ ಬಗ್ಗೆ ಒಂದು ಮಾತು. ತಾಮ್ರದ ನೆಟ್‌ವರ್ಕ್ ಕೇಬಲ್‌ಗೆ 100 ಮೀಟರ್ ಮಿತಿ. ಅದಕ್ಕಿಂತ ದೂರವಿದ್ದರೆ, ಅಥವಾ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಎಳೆಯುವುದಿದ್ದರೆ ಫೈಬರ್ ಹಾಕಿಸಿ. ಬೇಸಿಗೆಯ ಕೊನೆಯ ವಳೀವ ಮಳೆಯಲ್ಲಿ ಸಿಡಿಲು ಬಿದ್ದಾಗ ತಾಮ್ರದ ತಂತಿ ಎರಡೂ ಕಡೆಯ ಪೆಟ್ಟಿಗೆಗಳನ್ನು ಒಟ್ಟಿಗೇ ಸುಡಬಲ್ಲದು. ಫೈಬರ್‌ನ ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ.

ಕನ್ನಡವೋ ಮರಾಠಿಯೋ?

ಎರಡು ಭಾಷೆಯ ನಮಗೆ ಈ ಭಾಗ ಸ್ವಲ್ಪ ವಿಶೇಷ. ಕೆವಿಎಂ ರಿಸೀವರ್ ಅಕ್ಷರ ಕಳಿಸುವುದಿಲ್ಲ, 'ಇಷ್ಟನೇ ಕೀ ಒತ್ತಿದರು' ಎಂದು ಮಾತ್ರ ಹೇಳುತ್ತದೆ. ಅದು ಕನ್ನಡ 'ಕ' ಆಗಬೇಕೋ ಮರಾಠಿ 'ಕ' ಆಗಬೇಕೋ ಎಂಬುದು ಆ ಕಡೆಯ ಕಂಪ್ಯೂಟರ್‌ನಲ್ಲಿ ಯಾವ ಭಾಷೆ ಆರಿಸಿದೆ ಎಂಬುದರ ಮೇಲೆ ನಿಂತಿದೆ. ಕನ್ನಡ ಬರುತ್ತಿಲ್ಲ ಎಂದು ರಿಸೀವರ್ ಸೆಟ್ಟಿಂಗ್ ಕೆದಕುವುದು ವ್ಯರ್ಥ. ಮೂಲ ಕಂಪ್ಯೂಟರ್‌ನಲ್ಲಿ ಕನ್ನಡ ಕೀಬೋರ್ಡ್ ಸೇರಿಸಬೇಕು.

ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ವಿಂಡೋಸ್ ಸ್ವಲ್ಪ ಬೇರೆ ರೀತಿ. ಸೇರುವ ಹೊತ್ತಿಗೆ ನಿಮ್ಮ ಕಡೆ ಇರುವ ಕೀಬೋರ್ಡ್ ಭಾಷೆಯನ್ನು ಅದು ಆ ಕಡೆಗೆ ತಿಳಿಸುತ್ತದೆ. ಆದ್ದರಿಂದ ಕನ್ನಡ ಆರಿಸಿಯೇ ಸೇರಿಕೊಳ್ಳುವುದು ಒಂದು ಉಪಾಯ. ವಿಂಡೋಸ್ ಕೀ ಮತ್ತು ಸ್ಪೇಸ್ ಒತ್ತಿ ಭಾಷೆ ಬದಲಿಸುವ ರೂಢಿ ಇದ್ದರೆ, ಪರದೆ ಪೂರ್ತಿ ದೊಡ್ಡದಾಗಿದ್ದಾಗ ಮಾತ್ರ ಆ ಒತ್ತು ದೂರದ ಕಂಪ್ಯೂಟರ್‌ಗೆ ಹೋಗುತ್ತದೆ. ಚಿಕ್ಕ ಕಿಟಕಿಯಲ್ಲಿದ್ದರೆ ನಿಮ್ಮ ಕಂಪ್ಯೂಟರೇ ಅದನ್ನು ನುಂಗುತ್ತದೆ. ಬೇಕಾದರೆ ಇದನ್ನೂ ಬದಲಿಸಬಹುದು.

ನಮ್ಮಂಥವರಿಗೆ ಇನ್‌ಸ್ಕ್ರಿಪ್ಟ್ ಕೀಲಿಮಣೆ ವರದಾನ. 1991ರ ಭಾರತೀಯ ಮಾನಕದಲ್ಲಿ ಸೇರಿದ ಈ ವಿನ್ಯಾಸದಲ್ಲಿ ಒಂದೇ ಧ್ವನಿಗೆ ಎಲ್ಲ ಭಾಷೆಯಲ್ಲೂ ಒಂದೇ ಜಾಗ. ಗುಡ್ಡಾಪುರದ ದೇವಿಯ ಹೆಸರನ್ನೇ ತೆಗೆದುಕೊಳ್ಳಿ. ಇಂಗ್ಲಿಷ್ ಅಕ್ಷರ ಬರೆದ ಕೀಲಿಮಣೆಯಲ್ಲಿ ಒ, ಇ, ವಿ, ಸಿ, ಡಿ, ಸಿ ಎಂಬ ಆರು ಕೀಗಳನ್ನು ಸಾಲಾಗಿ ಒತ್ತಿದರೆ ಕನ್ನಡದಲ್ಲಿ 'ದಾನಮ್ಮ' ಬರುತ್ತದೆ. ಭಾಷೆಯನ್ನು ಮರಾಠಿಗೆ ಬದಲಿಸಿ ಅದೇ ಆರು ಕೀ ಒತ್ತಿ, ದೇವನಾಗರಿಯಲ್ಲೂ ಅದೇ ಹೆಸರು. ಮರಾಠಿ ರೂಢಿಯಂತೆ ಕೊನೆಗೆ ದೀರ್ಘ ಬೇಕಾದರೆ ಇನ್ನೊಮ್ಮೆ 'ಇ' ಕೀ. ಸೇವಾ ಕೇಂದ್ರದಲ್ಲಿ ಕೂತು ದಿನವಿಡೀ ನಮ್ಮ ಅವ್ವಂದಿರ ಹೆಸರು ಹೊಡೆಯುವ ಹುಡುಗರು ಇದನ್ನು ಕಲಿತರೆ, ಆಧಾರ್‌ನಲ್ಲಿ ಒಂದು ಹೆಸರು, ಸಾತ್‌ಬಾರಾ ಉತಾರೆಯಲ್ಲಿ ಇನ್ನೊಂದು ಹೆಸರು ಎಂಬ ಪಡಿಪಾಟಲು ಎಷ್ಟೋ ಕಡಿಮೆಯಾದೀತು.

ಹಳೆಯ ನುಡಿ ಅಕ್ಷರಶೈಲಿಯಲ್ಲಿ ಹೊಡೆದ ಕನ್ನಡ ಆ ಕಡೆಯ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇಲ್ಲದಿದ್ದರೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಯೂನಿಕೋಡ್‌ನಲ್ಲೇ ಹೊಡೆಯಿರಿ.

ಮೌಸ್ ಬಗ್ಗೆ ದೂರು ಬರುವುದೂ ಉಂಟು. ಬಾಣ ಒಂದು ಕಡೆ, ಕ್ಲಿಕ್ ಬೀಳುವುದು ಇನ್ನೊಂದು ಕಡೆ. ರಿಸೀವರ್‌ನಲ್ಲಿ 'ರಿಲೇಟಿವ್' ಬದಲು 'ಅಬ್ಸಲ್ಯೂಟ್' ಆರಿಸಿದರೆ ಹೆಚ್ಚಿನ ಸಲ ಸರಿಹೋಗುತ್ತದೆ. ಪೆನ್‌ಡ್ರೈವ್‌ಗೆ ಅವಕಾಶ ಕೊಡುವ ಆಯ್ಕೆಯನ್ನಂತೂ ಮುಚ್ಚಿಬಿಡಿ. ಮದುವೆಯ ಫೋಟೊ ತಂದ ಪೆನ್‌ಡ್ರೈವ್ ವೈರಸ್ಸನ್ನೂ ತಂದಿರುತ್ತದೆ.

ಮೌಸ್ ಯಾರ ಕೈಯಲ್ಲಿ?

ಮೇಲಿನದೆಲ್ಲ ಅನುಕೂಲದ ಮಾತು. ಈಗ ಪ್ರಾಣದ ಮಾತು. ರಿಸೀವರ್‌ನಲ್ಲಿ 'ಬರೀ ನೋಡುವುದು', 'ಹಂಚಿಕೊಂಡು ನಡೆಸುವುದು', 'ಒಬ್ಬರೇ ನಡೆಸುವುದು' ಎಂಬ ಮೂರು ಬಗೆಯ ಹಕ್ಕು ಸಾಮಾನ್ಯ. ಎಲ್ಲರಿಗೂ ಎಲ್ಲ ಹಕ್ಕು ಕೊಡುವುದು ಸುಲಭ, ಆದ್ದರಿಂದಲೇ ಬಹಳ ಕಡೆ ಹಾಗೇ ಬಿಟ್ಟಿರುತ್ತಾರೆ. ಕಂಬದ ತುದಿಯಲ್ಲಿ ನಮ್ಮ ಹುಡುಗನೊಬ್ಬ ಸ್ಪ್ಯಾನರ್ ಹಿಡಿದು ನಿಂತಾಗ, ಎಲ್ಲೋ ಕೂತವರು 'ಸ್ಟಾರ್ಟ್' ಒತ್ತಿದರೆ? ಇದಕ್ಕೆಂದೇ ಪವನಚಕ್ಕಿಯಲ್ಲಿ ಸರ್ವಿಸ್ ಸ್ವಿಚ್ ಇರುತ್ತದೆ. ಅದನ್ನು ತಿರುಗಿಸಿದ ಮೇಲೆ ದೂರದ ಆಜ್ಞೆ ನಡೆಯದು. ಕಂಬ ಹತ್ತುವ ಮೊದಲು ಆ ಸ್ವಿಚ್ ತಿರುಗಿಸಿ ಬೀಗ ಹಾಕಿ ಕೀಲಿಯನ್ನು ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಫೋನ್ ಮಾಡಿ ಹೇಳಿದ್ದೇನೆ ಎಂಬುದು ಸಾಲದು. ನೋಡುವವರಿಗೆ ನೋಡುವ ಹಕ್ಕು ಮಾತ್ರ, ಐದು ಹತ್ತು ನಿಮಿಷ ಯಾರೂ ಮುಟ್ಟದಿದ್ದರೆ ತಾನಾಗಿ ಹೊರಬರುವ ವ್ಯವಸ್ಥೆ, ಪ್ರತಿಯೊಬ್ಬರಿಗೂ ಅವರದೇ ಪಾಸ್‌ವರ್ಡ್: ಇಷ್ಟನ್ನು ಕಂಪನಿಯವರು ಹೇಳದಿದ್ದರೂ ಕೇಳಿ ಮಾಡಿಸಬೇಕು. ಪೆಟ್ಟಿಗೆಯ ಜೊತೆ ಬಂದ 'ಅಡ್ಮಿನ್' ಪಾಸ್‌ವರ್ಡ್ ಹಾಗೇ ಉಳಿಯಬಾರದು.

ಇದು ಬರೀ ಭಯ ಹುಟ್ಟಿಸುವ ಮಾತಲ್ಲ. 2015ರ ಡಿಸೆಂಬರ್ 23ರಂದು ಯುಕ್ರೇನ್ ದೇಶದ ವಿದ್ಯುತ್ ಕಂಪನಿಗಳ ಕಂಟ್ರೋಲ್ ರೂಮಿನಲ್ಲಿ ಕೂತಿದ್ದವರ ಕಣ್ಣೆದುರೇ ಮೌಸ್ ಬಾಣ ತಾನಾಗಿ ಚಲಿಸಿ ಸಬ್‌ಸ್ಟೇಷನ್‌ಗಳ ಬ್ರೇಕರ್ ತೆಗೆಯತೊಡಗಿತು. ಕಳ್ಳರು ದೂರದಿಂದ ಕಂಪ್ಯೂಟರ್ ನಡೆಸುವ ಇಂಥದೇ ಸೌಲಭ್ಯ ಹಿಡಿದು ಒಳಗೆ ಬಂದಿದ್ದರು. ಸುಮಾರು 2 ಲಕ್ಷ 25 ಸಾವಿರ ಗ್ರಾಹಕರಿಗೆ ಕರೆಂಟ್ ಹೋಯಿತು. ಆಮೇಲೆ ಸಿಬ್ಬಂದಿ ಸಬ್‌ಸ್ಟೇಷನ್‌ಗಳಿಗೇ ಹೋಗಿ ಕೈಯಿಂದ ಬ್ರೇಕರ್ ಹಾಕಬೇಕಾಯಿತು.

ಮನೆಯ ಮೊಬೈಲ್‌ನಲ್ಲೂ ಇದೇ ಆಟ

ಪವನಚಕ್ಕಿ ಎಲ್ಲರಿಗೂ ಸಂಬಂಧಪಡದು, ಮೊಬೈಲ್ ಸಂಬಂಧಪಡುತ್ತದೆ. ಪುಣೆಯಲ್ಲಿ ಕೆಲಸ ಮಾಡುವ ಮಗ ಉಮದಿಯಲ್ಲೋ ಸಂಖದಲ್ಲೋ ಇರುವ ಅಪ್ಪನ ಕಂಪ್ಯೂಟರ್‌ನ್ನು ಎನಿಡೆಸ್ಕ್‌ನಂಥ ಪ್ರೋಗ್ರಾಂ ಮೂಲಕ ಸರಿಮಾಡಿಕೊಡುವುದು ಒಳ್ಳೆಯ ಉಪಯೋಗ. ವಿಂಡೋಸ್‌ನ ಸ್ವಂತ ರಿಮೋಟ್ ಡೆಸ್ಕ್‌ಟಾಪ್ ಹೋಮ್ ಆವೃತ್ತಿಯಲ್ಲಿ ಹೊರಗಿನವರನ್ನು ಒಳಗೆ ಬಿಡುವುದಿಲ್ಲ, ಪ್ರೊ ಆವೃತ್ತಿ ಬೇಕು. ಇದ್ದರೂ ರೂಟರ್‌ನಲ್ಲಿ 3389 ಎಂಬ ಬಾಗಿಲನ್ನು ಇಂಟರ್ನೆಟ್‌ಗೆ ನೇರ ತೆರೆದಿಡಬೇಡಿ. 2019ರಲ್ಲಿ 'ಬ್ಲೂಕೀಪ್' ಎಂಬ ದೋಷ ಹಳೆಯ ವಿಂಡೋಸ್‌ಗಳಲ್ಲಿ ಸಿಕ್ಕಿದ್ದು ಇದೇ ಬಾಗಿಲಲ್ಲಿ, ಪಾಸ್‌ವರ್ಡ್ ಇಲ್ಲದೆಯೇ ಒಳನುಗ್ಗುವಂಥದ್ದು. ಹೊರಗಿನಿಂದ ಬರಬೇಕಾದರೆ ವಿಪಿಎನ್ ಹಾಕಿಸಿ, ಅದರೊಳಗಿಂದ ಬನ್ನಿ.

ಕೆಟ್ಟ ಉಪಯೋಗವೂ ನಮ್ಮ ಬಾಗಿಲಿಗೆ ಬಂದಿದೆ. 'ನಿಮ್ಮ ಲೈಟ್ ಬಿಲ್ ಜಮಾ ಆಗಿಲ್ಲ, ಇವತ್ತು ರಾತ್ರಿ ಕನೆಕ್ಷನ್ ಕಟ್' ಎಂಬ ಸುಳ್ಳು ಸಂದೇಶಗಳು 2022ರಲ್ಲಿ ಬಹಳ ಓಡಾಡಿದವು, ಮಹಾವಿತರಣ ಕಂಪನಿಯೇ ಗ್ರಾಹಕರನ್ನು ಎಚ್ಚರಿಸಿತು. ಸಂದೇಶದ ನಂಬರಿಗೆ ಫೋನ್ ಮಾಡಿದರೆ ಆ ಕಡೆಯವನು ಸಾಹೇಬನಂತೆ ಮಾತಾಡಿ ಒಂದು ಆ್ಯಪ್ ಹಾಕಿಸುತ್ತಾನೆ, ಪರದೆಯ ಮೇಲಿನ ನಂಬರ್ ಕೇಳುತ್ತಾನೆ. ಆ ನಂಬರ್ ಏನು ಗೊತ್ತೇ? ಮೇಲೆ ಹೇಳಿದ ಟ್ರಾನ್ಸ್‌ಮಿಟರ್ ವಿಳಾಸ! ನಿಮ್ಮ ಮೊಬೈಲ್ ಟ್ರಾನ್ಸ್‌ಮಿಟರ್, ಅವನ ಕಂಪ್ಯೂಟರ್ ರಿಸೀವರ್. ನೀವು 'ಅನುಮತಿ' ಒತ್ತಿದ ಕ್ಷಣದಿಂದ ನಿಮ್ಮ ಪರದೆ ಅವನಿಗೂ ಕಾಣುತ್ತದೆ, ಬಂದ ಒಟಿಪಿಯೂ ಕಾಣುತ್ತದೆ. ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲೇ ಈ ಬಗೆಯ ಮೋಸದ ಬಗ್ಗೆ ಎನಿಡೆಸ್ಕ್ ಹೆಸರು ಹೇಳಿ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಆ್ಯಪ್ ಕೆಟ್ಟದ್ದಲ್ಲ, ಕೀಲಿಯನ್ನು ಯಾರ ಕೈಗೆ ಕೊಡುತ್ತೀರಿ ಎಂಬುದು ಮುಖ್ಯ. ಅವನು ಚೆಂದದ ಮರಾಠಿಯಲ್ಲೋ ನಮ್ಮದೇ ಕನ್ನಡದಲ್ಲೋ ಮಾತಾಡಿದ ಮಾತ್ರಕ್ಕೆ ನಂಬಬೇಕಿಲ್ಲ.

ಕೀಲಿ ಕೊಟ್ಟುಬಿಟ್ಟಿದ್ದರೆ ಮೊದಲು ಮೊಬೈಲ್‌ನ ಇಂಟರ್ನೆಟ್ ಬಂದ್ ಮಾಡಿ. ಫ್ಲೈಟ್ ಮೋಡ್ ಹಾಕಿದರೆ ಅವನ ಕೈ ಅಲ್ಲಿಗೇ ಕಡಿದಂತೆ. ನಂತರ ಇನ್ನೊಬ್ಬರ ಫೋನ್‌ನಿಂದ 1930ಕ್ಕೆ ಮತ್ತು ನಿಮ್ಮ ಬ್ಯಾಂಕಿಗೆ ಫೋನ್ ಮಾಡಿ, ಹಣ ಹೋದ ಹೊತ್ತು ಮತ್ತು ಮೊತ್ತ ಹೇಳಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿಯುವ ಮೊದಲು ತಡೆಹಿಡಿಸುವುದೇ ಇದರ ಉದ್ದೇಶ, ಆದ್ದರಿಂದ ನಾಳೆ ಜತ್ತಕ್ಕೆ ಹೋದಾಗ ಹೇಳೋಣ ಎಂದು ಕಾಯಬೇಡಿ. ಆಮೇಲೆ ಆ ಆ್ಯಪ್ ತೆಗೆದುಹಾಕಿ, ತೆಗೆಯುವ ಮೊದಲು ಸೆಟ್ಟಿಂಗ್‌ನ ಆಕ್ಸೆಸಿಬಿಲಿಟಿ ಭಾಗದಲ್ಲಿ ಅದಕ್ಕೆ ಕೊಟ್ಟ ಅನುಮತಿಯನ್ನೂ ಬಂದ್ ಮಾಡಿ. ಕಂಪ್ಯೂಟರ್‌ನಲ್ಲಿ ಹಾಕಿದ್ದರೆ, ನೀವು ಎದುರಿಗಿಲ್ಲದಾಗಲೂ ಒಳಗೆ ಬರಲು ಬಿಡುವ ಕಾಯಂ ಪಾಸ್‌ವರ್ಡ್ ಇಟ್ಟಿದ್ದಾನೆಯೇ ಎಂದು ನೋಡಿ ಅದನ್ನೂ ಅಳಿಸಿ, ಬ್ಯಾಂಕಿನ ಪಾಸ್‌ವರ್ಡ್ ಮತ್ತು ಯುಪಿಐ ಪಿನ್‌ಗಳನ್ನು ಬೇರೊಂದು ಫೋನ್‌ನಿಂದ ಬದಲಿಸಿಕೊಳ್ಳಿ.